ಕುಡಿಯದವರಿಗೂ ಲಿವರ್ ಕ್ಯಾನ್ಸರ್ ಬರುತ್ತದೆಯೇ?

ಯಾರದಾದರೂ ಲಿವರ್ ಹಾಳಾಗಿದೆ ಎಂದು ಕೇಳಿದೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, "ಕುಡಿಯುತ್ತಿದ್ದರಾ?" ಎಂಬುದು. ರೋಗಿ ಗಂಡಸಾಗಿದ್ದರೆ ಈ ಪ್ರಶ್ನೆ ಗಟ್ಟಿಯಾಗಿಯೇ ಬರುತ್ತದೆ. ಹೆಂಗಸಾಗಿದ್ದರೆ ಪಿಸುಮಾತಿನಲ್ಲಿ ಬರುತ್ತದೆ. ಜೀವಮಾನದಲ್ಲಿ ಮದ್ಯದ ಬಾಟಲಿಯನ್ನು ಕೈಯಲ್ಲೂ ಮುಟ್ಟದ ಖಾಲಾ ಒಬ್ಬರು ಈ ಪ್ರಶ್ನೆಗೆ ಹೆದರಿ ತಮ್ಮ ಕಾಯಿಲೆಯ ಹೆಸರನ್ನೇ ಬಂಧುಗಳಿಂದ ಮುಚ್ಚಿಡುವುದುಂಟು. ಇನ್ನೊಂದೆಡೆ, "ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ, ಲಿವರ್ ಕಾಯಿಲೆ ನಮಗೇಕೆ ಬರುತ್ತದೆ?" ಎಂಬ ಧೈರ್ಯದಲ್ಲಿ ಪರೀಕ್ಷೆಯನ್ನೇ ಮಾಡಿಸದ ಕುಟುಂಬಗಳೂ ಇವೆ. ಆ ನಾಚಿಕೆಯೂ ಈ ಧೈರ್ಯವೂ ಒಂದೇ ತಪ್ಪು ತಿಳಿವಳಿಕೆಯ ಮಕ್ಕಳು.

ಮದ್ಯಪಾನವು ಲಿವರ್ ಕ್ಯಾನ್ಸರ್‌ಗೆ ದೊಡ್ಡ ಕಾರಣ ಎಂಬುದರಲ್ಲಿ ಸಂಶಯವಿಲ್ಲ. ಇಸ್ಲಾಮ್ ಅದನ್ನು ನಿಷಿದ್ಧಗೊಳಿಸಿರುವುದರಿಂದ ನಮ್ಮ ಬಹಳಷ್ಟು ಮನೆಗಳು ಆ ಒಂದು ಅಪಾಯದಿಂದ ಪಾರಾಗಿವೆ. ಆದರೆ ಕಾರಣ ಅದೊಂದೇ ಅಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ, ಬೊಜ್ಜು, ತಂಬಾಕು, ಬೂಷ್ಟು ಹಿಡಿದ ಕಾಳು ಇವೆಲ್ಲವೂ ಆ ಪಟ್ಟಿಯಲ್ಲಿವೆ. ಇವುಗಳ ಜೊತೆಗೆ ನಮ್ಮ ಕೈಯಲ್ಲಿಲ್ಲದ ಎರಡು ಸಂಗತಿಗಳೂ ಸೇರಿಕೊಳ್ಳುತ್ತವೆ. ಒಂದು, ತಂದೆ ತಾಯಿಯರಿಂದ ಬಂದ ವಂಶವಾಹಿಗಳು. ಇನ್ನೊಂದು, ಗಂಡನ್ನು ಗಂಡಾಗಿಯೂ ಹೆಣ್ಣನ್ನು ಹೆಣ್ಣಾಗಿಯೂ ಬೆಳೆಸುವ ಲೈಂಗಿಕ ಹಾರ್ಮೋನುಗಳು. ಇವೆರಡರ ಬಗ್ಗೆ ವಿಜ್ಞಾನಿಗಳು ಕಂಡುಕೊಂಡಿರುವ ವಿಚಾರಗಳು ಐವತ್ತರ ಆಸುಪಾಸಿನ ಪ್ರತಿಯೊಬ್ಬ ಸೋದರಿಗೂ ಸಂಬಂಧಿಸಿದವು.

ದೇವನಹಳ್ಳಿಯಲ್ಲಿ ದೇಶದ ಲೆಕ್ಕ

ಭಾರತದಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತದೆ ಎಂಬ ಲೆಕ್ಕವನ್ನು ಒಟ್ಟುಗೂಡಿಸುವ ಕಚೇರಿ ದಿಲ್ಲಿಯಲ್ಲಿಲ್ಲ. ಅದು ದೇವನಹಳ್ಳಿ ತಾಲೂಕಿನಲ್ಲಿ, ವಿಮಾನ ನಿಲ್ದಾಣದ ರಸ್ತೆ ಕವಲೊಡೆಯುವಲ್ಲಿನ ಪೂಜನಹಳ್ಳಿಯಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಈ ರಾಷ್ಟ್ರೀಯ ಕೇಂದ್ರಕ್ಕೆ ದೇಶದ ಮೂಲೆ ಮೂಲೆಯ ಕ್ಯಾನ್ಸರ್ ನೋಂದಣಿ ಘಟಕಗಳಿಂದ ಮಾಹಿತಿ ಬರುತ್ತದೆ. ಬೆಂಗಳೂರಿನ ನೋಂದಣಿ ಆರಂಭವಾದದ್ದು 1982ರಲ್ಲಿ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ. ಸ್ವಾತಂತ್ರ್ಯ ಹೋರಾಟಗಾರ ಹಾಗೂ ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಈ ಆಸ್ಪತ್ರೆಗೆ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಗಳಿಂದ ಹೋಗಿ ಬರುವ ಕುಟುಂಬಗಳು ಬಹಳ.

ಇಂತಹ ನೋಂದಣಿಗಳು ಜಗತ್ತಿನಾದ್ಯಂತ ಹೇಳುವ ಒಂದು ಸಂಗತಿ ಇದೆ. ಲಿವರ್ ಕ್ಯಾನ್ಸರ್ ಹೆಂಗಸರಿಗಿಂತ ಗಂಡಸರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. 2022ರಲ್ಲಿ ಜಗತ್ತಿನಲ್ಲಿ ಸುಮಾರು 8 ಲಕ್ಷ 66 ಸಾವಿರ ಮಂದಿಗೆ ಈ ಕ್ಯಾನ್ಸರ್ ತಗಲಿತು. ಅದೇ ವರ್ಷ ಸುಮಾರು 7 ಲಕ್ಷ 58 ಸಾವಿರ ಮಂದಿ ಅದರಿಂದ ತೀರಿಕೊಂಡರು. ಈ ಎರಡು ಅಂಕಿಗಳು ಇಷ್ಟು ಹತ್ತಿರ ಇರುವುದೇಕೆಂದರೆ, ಹೆಚ್ಚಿನವರಲ್ಲಿ ರೋಗ ಪತ್ತೆಯಾಗುವುದು ತೀರಾ ತಡವಾಗಿ.

ಹೆಂಗಸರು ಇದನ್ನು ಓದಿ ಗಾಬರಿಯಾಗಬೇಕಾಗಿಲ್ಲ. ನಮ್ಮ ಭಾಗದ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರ್ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗಳೇ ಮುಂದಿವೆ. ಲಿವರ್ ಕ್ಯಾನ್ಸರ್ ಅವುಗಳಷ್ಟು ಸಾಮಾನ್ಯವಲ್ಲ. ಆದರೆ ಅದಕ್ಕೆ ದಾರಿ ಮಾಡಿಕೊಡುವ ಕೊಬ್ಬಿನ ಲಿವರ್ ಮತ್ತು ಸಕ್ಕರೆ ಕಾಯಿಲೆ ಈಗ ಮನೆಮನೆಯಲ್ಲೂ ಇವೆ.

ಕಲೇಜಿಯಿಂದ ತಿಳಿಯುವ ಪಾಠ

ಬಕ್ರೀದ್ ದಿನ ಅಡುಗೆ ಮನೆಯಲ್ಲಿ ಕಲೇಜಿ ತೊಳೆದವರಿಗೆ ಲಿವರ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆರೋಗ್ಯವಂತ ಲಿವರ್ ಕಂದು ಕೆಂಪು ಬಣ್ಣದ್ದು, ನುಣುಪು, ಮೃದು. ಅದರ ಜೀವಕೋಶಗಳಲ್ಲಿ ಕೊಬ್ಬು ತುಂಬಿದಾಗ ಬಣ್ಣ ಹಳದಿಗೆ ತಿರುಗಿ ಊದಿಕೊಳ್ಳುತ್ತದೆ. ಇದನ್ನೇ ವೈದ್ಯರು ಫ್ಯಾಟಿ ಲಿವರ್ ಎನ್ನುತ್ತಾರೆ. ಕೊಬ್ಬಾಗಲಿ, ವೈರಸ್ಸಾಗಲಿ, ಮದ್ಯವಾಗಲಿ ವರ್ಷಾನುಗಟ್ಟಲೆ ಲಿವರನ್ನು ಕೆರಳಿಸುತ್ತಿದ್ದರೆ ಒಳಗೆ ಗಾಯವಾಗುತ್ತದೆ, ಮಾಯುತ್ತದೆ, ಮತ್ತೆ ಗಾಯವಾಗುತ್ತದೆ. ಮಾಯ್ದ ಕಲೆಗಳು ಸೇರಿ ಸೇರಿ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದು ಸಿರೋಸಿಸ್. ಸತ್ತ ಜೀವಕೋಶಗಳ ಜಾಗ ತುಂಬಲು ಹೊಸವು ಒಂದೇ ಸಮನೆ ಹುಟ್ಟುತ್ತಿರುವಾಗ ಯಾವುದೋ ಒಂದು ಕೋಶ ಹತೋಟಿ ತಪ್ಪಿದರೆ ಅಲ್ಲಿಂದ ಕ್ಯಾನ್ಸರ್ ಆರಂಭ. ಹೆಪಟೈಟಿಸ್ ಬಿ ಇರುವವರಲ್ಲಿ ಮತ್ತು ಕೆಲವೊಮ್ಮೆ ಫ್ಯಾಟಿ ಲಿವರ್ ಇರುವವರಲ್ಲಿ ಸಿರೋಸಿಸ್ ಆಗುವ ಮೊದಲೇ ಕ್ಯಾನ್ಸರ್ ಬರುವುದೂ ಇದೆ.

ಲಿವರ್ ಒಂದು ಮೂಕ ಅಂಗ. ಮುಕ್ಕಾಲು ಭಾಗ ಕೆಟ್ಟರೂ ನೋವೆನ್ನುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ರಕ್ತ ವಾಂತಿಯಾದಾಗ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ. ಅಷ್ಟರಲ್ಲಿ ಬಹಳ ಕಾಲ ಕಳೆದುಹೋಗಿರುತ್ತದೆ.

ಗಂಡಸರಿಗೇ ಏಕೆ ಹೆಚ್ಚು?

ಗಂಡಸರು ಕುಡಿಯುತ್ತಾರೆ, ಸೇದುತ್ತಾರೆ, ಅದಕ್ಕೇ ಅವರಿಗೆ ಹೆಚ್ಚು ಎಂದು ಮೊದಲು ತಿಳಿಯಲಾಗಿತ್ತು. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ಕುಡಿಯದ, ಸೇದದ ಇಲಿಗಳಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ! ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಲಿವರ್ ಕ್ಯಾನ್ಸರ್ ತರುವ ರಾಸಾಯನಿಕವನ್ನು ಗಂಡು ಮತ್ತು ಹೆಣ್ಣು ಇಲಿಗಳಿಗೆ ಕೊಟ್ಟರು. ಗಂಡು ಇಲಿಗಳೆಲ್ಲಕ್ಕೂ ಕ್ಯಾನ್ಸರ್ ಬಂತು. ಹೆಣ್ಣು ಇಲಿಗಳಲ್ಲಿ ಶೇ. 10ರಿಂದ 30ರಷ್ಟಕ್ಕೆ ಮಾತ್ರ ಬಂತು. ಲಿವರ್‌ಗೆ ಪೆಟ್ಟಾದಾಗ ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಎಂಬ ಒಂದು ವಸ್ತು ರಕ್ತದಲ್ಲಿ ಏರುತ್ತದೆ. ಸ್ತ್ರೀ ಹಾರ್ಮೋನಾದ ಈಸ್ಟ್ರೋಜೆನ್ ಅದನ್ನು ಹತೋಟಿಯಲ್ಲಿಡುತ್ತದೆ. ಆ ವಸ್ತುವೇ ಉತ್ಪತ್ತಿಯಾಗದ ಇಲಿಗಳಲ್ಲಿ ಗಂಡು ಹೆಣ್ಣಿನ ಈ ವ್ಯತ್ಯಾಸವೇ ಮಾಯವಾಯಿತು.

ಹೆಪಟೈಟಿಸ್ ಬಿ ವೈರಸ್‌ನ ಕಥೆಯೂ ಹೀಗೆಯೇ. ಈ ವೈರಸ್‌ನ ರಚನೆಯಲ್ಲಿ ಪುರುಷ ಹಾರ್ಮೋನಿನ ಸಂದೇಶ ಬಂದು ತಾಗುವ ಒಂದು ಜಾಗವಿದೆ. ಅದು ತಾಗಿದಾಗ ವೈರಸ್ ಚುರುಕಾಗಿ ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹೆಪಟೈಟಿಸ್ ಬಿ ವ್ಯಾಪಕವಾಗಿದ್ದ ತೈವಾನ್‌ನಲ್ಲಿ 1993ರಲ್ಲೇ ಒಂದು ಅಧ್ಯಯನ ಹೊರಬಂತು. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಹೆಚ್ಚಿರುವ ಗಂಡಸರಲ್ಲಿ ಲಿವರ್ ಕ್ಯಾನ್ಸರ್‌ನ ಅಪಾಯವೂ ಹೆಚ್ಚು ಎಂದು ಅದು ತೋರಿಸಿತು.

ಒಂದಕ್ಷರದ ವ್ಯತ್ಯಾಸ

ಇನ್ನು ವಂಶವಾಹಿಗಳ ವಿಚಾರ. ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಸುಮಾರು 300 ಕೋಟಿ ಅಕ್ಷರಗಳ ಒಂದು ದೊಡ್ಡ ಗ್ರಂಥವಿದೆ ಎಂದು ಊಹಿಸಿಕೊಳ್ಳಿ. ಅದರ ಒಂದೊಂದು ಅಧ್ಯಾಯ ಒಂದೊಂದು ವಂಶವಾಹಿ. ನಿಮ್ಮ ಗ್ರಂಥಕ್ಕೂ ಪಕ್ಕದ ಮನೆಯವರ ಗ್ರಂಥಕ್ಕೂ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಹೆಚ್ಚಿನ ವ್ಯತ್ಯಾಸಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ಆರೋಗ್ಯದ ಮೇಲೆ ಪರಿಣಾಮ ಬೀರುತ್ತವೆ.

ಅಂತಹ ಒಂದನ್ನು ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು 2008ರಲ್ಲಿ ಗುರುತಿಸಿದರು. 22ನೆಯ ವರ್ಣತಂತುವಿನಲ್ಲಿರುವ ಆ ವಂಶವಾಹಿಯ ಹೆಸರು ಪಿ.ಎನ್.ಪಿ.ಎಲ್.ಎ.3. ಲಿವರ್ ಕೋಶಗಳಲ್ಲಿ ಕೊಬ್ಬಿನ ಹನಿಗಳನ್ನು ಕರಗಿಸುವ ಕೆಲಸದಲ್ಲಿ ಪಾಲುಗೊಳ್ಳುವ ಪ್ರೋಟೀನನ್ನು ಇದು ತಯಾರಿಸುತ್ತದೆ. ಇದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಪ್ರೋಟೀನಿನ 148ನೆಯ ಜಾಗದಲ್ಲಿ ಬೇರೊಂದು ತುಣುಕು ಬಂದು ಕೂರುತ್ತದೆ. ಆಗ ಕೊಬ್ಬು ಕರಗದೆ ಲಿವರ್‌ನಲ್ಲೇ ಉಳಿದುಕೊಳ್ಳುತ್ತದೆ. ಈ ಬದಲಾವಣೆ ಇರುವವರಲ್ಲಿ ಫ್ಯಾಟಿ ಲಿವರ್, ಸಿರೋಸಿಸ್ ಮತ್ತು ಲಿವರ್ ಕ್ಯಾನ್ಸರ್ ಮೂರರ ಅಪಾಯವೂ ಹೆಚ್ಚು. ಇದು ಅಪರೂಪದ ಬದಲಾವಣೆಯೇನಲ್ಲ. ಭಾರತೀಯರಲ್ಲೂ ಸಾಮಾನ್ಯವಾಗಿಯೇ ಇದೆ. ಹೊಟ್ಟೆ ದಪ್ಪವಿಲ್ಲದವರಿಗೂ ಫ್ಯಾಟಿ ಲಿವರ್ ಬರುವುದಕ್ಕೆ ಇದೂ ಒಂದು ಕಾರಣ.

ಹಾರ್ಮೋನು ಮತ್ತು ವಂಶವಾಹಿ ಎಲ್ಲಿ ಸಂಧಿಸುತ್ತವೆ ಎಂಬುದನ್ನು ಇಟಲಿಯ ಮಿಲಾನ್ ನಗರದ ವಿಜ್ಞಾನಿಗಳು 2023ರಲ್ಲಿ ತೋರಿಸಿಕೊಟ್ಟರು. ಲಿವರ್‌ನ ತುಣುಕು ತೆಗೆದು ಪರೀಕ್ಷಿಸಿದ 1,800ಕ್ಕೂ ಹೆಚ್ಚು ಜನರನ್ನು ಅವರು ಅಭ್ಯಸಿಸಿದರು. ಈ ಒಂದಕ್ಷರದ ಬದಲಾವಣೆ ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ 50 ದಾಟಿದ ಹೆಂಗಸರಿಗೆ ಹೆಚ್ಚು ಹಾನಿ ಮಾಡುತ್ತಿತ್ತು. ಲಿವರ್ ಕೋಶದಲ್ಲಿ ಈಸ್ಟ್ರೋಜೆನ್‌ನ ಸಂದೇಶ ಪಡೆಯುವ ಪ್ರೋಟೀನು ನೇರವಾಗಿ ಈ ವಂಶವಾಹಿಯ ಮೇಲೆ ಹೋಗಿ ಕೂತು ಅದನ್ನು ಚುರುಕುಗೊಳಿಸುತ್ತದೆ. ವಂಶವಾಹಿ ಸರಿಯಿದ್ದರೆ ತೊಂದರೆಯಿಲ್ಲ. ಅಕ್ಷರ ಬದಲಾಗಿದ್ದರೆ ದೋಷವಿರುವ ಪ್ರೋಟೀನು ಇನ್ನಷ್ಟು ತಯಾರಾಗುತ್ತದೆ. ಅಂದರೆ ಹೆಣ್ಣನ್ನು ಕಾಯುತ್ತದೆ ಎಂದು ಹೆಸರಾದ ಹಾರ್ಮೋನು ಎಲ್ಲ ಹೆಣ್ಣುಮಕ್ಕಳನ್ನೂ ಒಂದೇ ರೀತಿಯಲ್ಲಿ ಕಾಯುವುದಿಲ್ಲ.

ತೈವಾನ್‌ನವರು ಇನ್ನೊಂದು ವಂಶವಾಹಿಯನ್ನೂ ನೋಡಿದ್ದರು. ಪುರುಷ ಹಾರ್ಮೋನಿನ ಸಂದೇಶ ಪಡೆಯುವ ಪ್ರೋಟೀನಿನ ವಂಶವಾಹಿ ಅದು. ಅದರಲ್ಲಿ ಮೂರಕ್ಷರದ ಒಂದು ತುಂಡು ಜಪಮಾಲೆಯ ಮಣಿಗಳಂತೆ ಮತ್ತೆ ಮತ್ತೆ ಬರುತ್ತದೆ. ಹೆಪಟೈಟಿಸ್ ಬಿ ಇದ್ದ ಗಂಡಸರಲ್ಲಿ ಈ ಮಾಲೆ ಗಿಡ್ಡವಾಗಿದ್ದರೆ ಕ್ಯಾನ್ಸರ್ ಅಪಾಯ ಹೆಚ್ಚು ಕಂಡಿತು. 2002ರಲ್ಲಿ ಹೆಂಗಸರನ್ನು ಪರೀಕ್ಷಿಸಿದಾಗ ಲೆಕ್ಕವೇ ತಿರುಗಿಬಿತ್ತು. ಅವರಲ್ಲಿ ಮಾಲೆ ಉದ್ದವಾಗಿದ್ದವರಿಗೆ ಅಪಾಯ ಹೆಚ್ಚಿತ್ತು. ಒಂದೇ ವಂಶವಾಹಿ ಗಂಡಿನಲ್ಲೊಂದು ರೀತಿ, ಹೆಣ್ಣಿನಲ್ಲೊಂದು ರೀತಿ ವರ್ತಿಸುತ್ತದೆ. ಗಂಡಸರ ಮೇಲೆ ನಡೆಸಿದ ಅಧ್ಯಯನವನ್ನು ಹೆಂಗಸರಿಗೆ ಹಾಗೆಯೇ ಅನ್ವಯಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ನಾವೆಲ್ಲರೂ ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಬೇಕಿಲ್ಲ. ಅಕ್ಷರವನ್ನು ಬದಲಿಸುವ ಔಷಧಿ ಮಾರುಕಟ್ಟೆಯಲ್ಲಿಲ್ಲ. ಪರೀಕ್ಷೆಯ ನಂತರ ವೈದ್ಯರು ಹೇಳುವುದೂ ತೂಕ ಇಳಿಸಿ, ಸಕ್ಕರೆ ಹತೋಟಿಯಲ್ಲಿಡಿ ಎಂದೇ. ಅದನ್ನು ಪರೀಕ್ಷೆ ಇಲ್ಲದೆಯೇ ಮಾಡಬಹುದು. ನಮಗೆ ದುಡ್ಡಿಲ್ಲದೆ ಸಿಗುವ ವಂಶವಾಹಿ ಪರೀಕ್ಷೆಯೊಂದಿದೆ, ಅದು ಮನೆತನದ ಚರಿತ್ರೆ. ನಾನಿಗೆ ಸಕ್ಕರೆ ಕಾಯಿಲೆ ಇತ್ತೇ? ಫುಪ್ಪುವಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತೇ? ಮಾಮುವಿಗೆ ಕಾಮಾಲೆ ಬಂದು ವಾಸಿಯಾಗಲೇ ಇಲ್ಲವೇ? ಇವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿ.

ಮುಟ್ಟು ನಿಂತ ಮೇಲೆ

ಮುಟ್ಟು ನಿಲ್ಲುವ ಹೊತ್ತಿಗೆ ಅಂಡಾಶಯಗಳಿಂದ ಬರುವ ಈಸ್ಟ್ರೋಜೆನ್ ಇಳಿದುಬಿಡುತ್ತದೆ. ಸೊಂಟ ತೊಡೆಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಮತ್ತು ಲಿವರ್‌ಗೆ ಸ್ಥಳಾಂತರವಾಗುತ್ತದೆ. ಅದೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳೂ ಬರುತ್ತವೆ. 45ರವರೆಗೆ ಗಂಡಸರಿಗಿಂತ ಕಡಿಮೆ ಇದ್ದ ಫ್ಯಾಟಿ ಲಿವರ್ ಹೆಂಗಸರಲ್ಲಿ ಈ ವಯಸ್ಸಿನ ನಂತರ ವೇಗವಾಗಿ ಏರುತ್ತದೆ. ಆದರೆ ಈ ವಯಸ್ಸಿನಲ್ಲಿ ಆಕೆಗೆ ಸುಸ್ತಾದರೆ ಮನೆಯವರು "ವಯಸ್ಸಾಯಿತು" ಎನ್ನುತ್ತಾರೆ. ಆಕೆಯೂ ಅದನ್ನೇ ನಂಬುತ್ತಾಳೆ.

ಚಿಕ್ಕ ವಯಸ್ಸಿನಲ್ಲೇ ಎರಡೂ ಅಂಡಾಶಯಗಳನ್ನು ತೆಗೆದುಹಾಕಿದರೆ ಈ ಸ್ಥಿತಿ ಹತ್ತಿಪ್ಪತ್ತು ವರ್ಷ ಮೊದಲೇ ಬಂದುಬಿಡುತ್ತದೆ. ಅಮೆರಿಕದಲ್ಲಿ ಸುಮಾರು 8 ಲಕ್ಷ ಮಹಿಳೆಯರ ಮಾಹಿತಿಯನ್ನು ಒಟ್ಟು ಸೇರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಲಿವರ್ ಕ್ಯಾನ್ಸರ್‌ನ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚು ಕಂಡುಬಂತು. ಆ 8 ಲಕ್ಷದಲ್ಲಿ ಈ ಕ್ಯಾನ್ಸರ್ ಬಂದವರು ಸುಮಾರು 250 ಮಂದಿ ಮಾತ್ರ ಎಂಬುದನ್ನೂ ಮರೆಯಬಾರದು. ಆದರೂ ಕರ್ನಾಟಕದ ಮಹಿಳೆಯರಿಗೆ ಇದು ಮುಖ್ಯ ಮಾತು. ಹೊಟ್ಟೆ ನೋವು, ಬಿಳಿ ಸೆರಗು, ಹೆಚ್ಚು ಸ್ರಾವ ಎಂದು ಹೋದವರಿಗೆ ಗರ್ಭಕೋಶವನ್ನೇ ತೆಗೆದು ಕಳುಹಿಸುವ ರೂಢಿ ನಮ್ಮ ರಾಜ್ಯದಲ್ಲಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಂಗಸರಿಗೆ ಅನಗತ್ಯವಾಗಿ ಹೀಗೆ ಮಾಡಿದ ಪ್ರಕರಣಗಳು 2015ರ ಸುಮಾರಿಗೆ ಬೆಳಕಿಗೆ ಬಂದು ರಾಜ್ಯದಾದ್ಯಂತ ಸುದ್ದಿಯಾದವು. ಕ್ಯಾನ್ಸರ್‌ನಂತಹ ಕಾರಣವಿದ್ದರೆ ಶಸ್ತ್ರಚಿಕಿತ್ಸೆಯನ್ನು ಖಂಡಿತ ನಿರಾಕರಿಸಬೇಡಿ. ಆದರೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ಔಷಧಿಯಲ್ಲಿ ವಾಸಿಯಾಗುವುದಿಲ್ಲವೇ? ಗರ್ಭಕೋಶ ಮಾತ್ರವೋ, ಅಂಡಾಶಯಗಳನ್ನೂ ತೆಗೆಯುತ್ತೀರೋ? ತೆಗೆಯುವುದಾದರೆ ಏಕೆ?

ಮದುವೆಯ ವಯಸ್ಸಿನ ಹುಡುಗಿಯರಲ್ಲಿ ಕಾಣುವ ಪಿಸಿಓಡಿ ಸಮಸ್ಯೆಯೂ ಇಲ್ಲಿ ಪ್ರಸ್ತುತ. ಮುಟ್ಟು ಏರುಪೇರಾಗುವುದು, ಮುಖದಲ್ಲಿ ಕೂದಲು ಬರುವುದು, ತೂಕ ಏರುವುದು ಇದರ ಲಕ್ಷಣಗಳು. ಈ ಹುಡುಗಿಯರ ದೇಹದಲ್ಲಿ ಪುರುಷ ಹಾರ್ಮೋನಿನ ಪ್ರಮಾಣ ಹೆಚ್ಚಿರುತ್ತದೆ. ಅವರಲ್ಲಿ ಫ್ಯಾಟಿ ಲಿವರ್ ಕೂಡ ಹೆಚ್ಚು. ತಾಯಂದಿರು ಇದನ್ನು ಮಕ್ಕಳಾಗುವ ವಿಷಯವೊಂದಕ್ಕೇ ಸೀಮಿತಗೊಳಿಸಬಾರದು.

ಮಾತ್ರೆ ಮತ್ತು ಚುಚ್ಚುಮದ್ದು

ಹೊರಗಿನಿಂದ ಸೇವಿಸುವ ಹಾರ್ಮೋನುಗಳ ಬಗ್ಗೆಯೂ ಎರಡು ಮಾತು. ಗರ್ಭನಿರೋಧಕ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದ ಕೆಲವರ ಲಿವರ್‌ನಲ್ಲಿ ಅಡಿನೋಮಾ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆ ಬರುವುದನ್ನು ವೈದ್ಯರು 1973ರಲ್ಲೇ ಗುರುತಿಸಿದ್ದರು. ಇದು ಬಲು ಅಪರೂಪ. ಈಗಿನ ಮಾತ್ರೆಗಳಲ್ಲಿ ಹಾರ್ಮೋನಿನ ಪ್ರಮಾಣವೂ ಕಡಿಮೆ. ಹಜ್, ಉಮ್ರಾ, ರಮಝಾನ್ ಸಮಯದಲ್ಲಿ ಮುಟ್ಟು ಮುಂದೂಡಲು ಅನೇಕ ಸೋದರಿಯರು ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಆರೋಗ್ಯವಂತರು ಕೆಲವು ದಿನ ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದೆ ಎಂದು ಹೆದರಬೇಕಾಗಿಲ್ಲ. ಆದರೆ ಕಾಮಾಲೆ ಅಥವಾ ಲಿವರ್ ತೊಂದರೆ ಇರುವವರು ಆ ಮಾತ್ರೆ ಸೇವಿಸಬಾರದು. ಆದ್ದರಿಂದ ಆಪಾ ಕೊಟ್ಟರು, ಪಕ್ಕದವರು ಹೇಳಿದರು ಎಂದು ನುಂಗದೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಹೆಚ್ಚು ಅಪಾಯ ಇರುವುದು ಗಂಡುಮಕ್ಕಳಿಗೆ. ಈಗ ಸಣ್ಣ ಊರುಗಳಲ್ಲೂ ಜಿಮ್‌ಗಳು ತೆರೆದಿವೆ. ವ್ಯಾಯಾಮ ಒಳ್ಳೆಯದೇ. ಆದರೆ ತಿಂಗಳೊಪ್ಪತ್ತಿನಲ್ಲಿ ಮೈಕಟ್ಟು ಬರಲೆಂದು ಪುರುಷ ಹಾರ್ಮೋನಿನಿಂದ ತಯಾರಿಸಿದ ಸ್ಟೆರಾಯ್ಡ್ ಮಾತ್ರೆ, ಚುಚ್ಚುಮದ್ದುಗಳನ್ನು ತೆಗೆದುಕೊಂಡರೆ ಲಿವರ್‌ನಲ್ಲಿ ಗಡ್ಡೆ, ಕೆಲವೊಮ್ಮೆ ಕ್ಯಾನ್ಸರ್ ಬಂದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಮಗನ ಕೋಣೆಯಲ್ಲಿರುವ ಡಬ್ಬಿಯಲ್ಲಿ ಏನಿದೆ ಎಂದು ಕೇಳುವ ಹಕ್ಕು ತಾಯಿಗಿದೆ.

ತಡೆಯಬಹುದಾದ ಸೋಂಕು

ವಂಶವಾಹಿ ಯಾವುದೇ ಇರಲಿ, ಲಿವರ್ ಕ್ಯಾನ್ಸರನ್ನು ತಡೆಯುವ ಲಸಿಕೆ ನಮ್ಮ ಬಳಿ ಇದೆ. ಅದು ಹೆಪಟೈಟಿಸ್ ಬಿ ಲಸಿಕೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಇದನ್ನು ಕೊಡಲು ಆರಂಭಿಸಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 0.70 ಇದ್ದ ಲಿವರ್ ಕ್ಯಾನ್ಸರ್ ಪ್ರಮಾಣ 1990-94ರ ಹೊತ್ತಿಗೆ 0.36ಕ್ಕೆ ಇಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಇವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿದೆ ಎಂಬುದೇ ತಿಳಿದಿಲ್ಲ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಹೆಪಟೈಟಿಸ್ ಬಿ ತಗಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡುವುದು. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆಯ ಜೊತೆ ಅದೂ ಬರುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಗರ್ಭಿಣಿಯರು ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ತಾಯಿಗೆ ಸೋಂಕಿದ್ದರೆ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡುತ್ತಾರೆ. ಅಂತಹ ತಾಯಿ ಮಗುವಿಗೆ ಎದೆಹಾಲು ಕೊಡಬಹುದು.

ಈ ವೈರಸ್ ರಕ್ತದಿಂದ, ದಾಂಪತ್ಯ ಸಂಪರ್ಕದಿಂದ ಹರಡುತ್ತದೆ. ಹಿಜಾಮ ಮಾಡಿಸಿಕೊಳ್ಳುವಾಗ ಬ್ಲೇಡು ಮತ್ತು ಬಟ್ಟಲು ಹೊಸದೇ ಎಂದು ನೋಡಿಕೊಳ್ಳಿ. ಖತ್ನಾ ಆಸ್ಪತ್ರೆಯಲ್ಲೇ ಆಗಲಿ. ಕಿವಿ ಮೂಗು ಚುಚ್ಚುವ ಸೂಜಿ ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ. ಹಜ್‌ಗೆ ಹೋಗುವ ಗಂಡಸರು ತಲೆ ಬೋಳಿಸಿಕೊಳ್ಳಲು ತಮ್ಮದೇ ಬ್ಲೇಡ್ ಒಯ್ಯಲಿ.

ಒಂದೇ ತಟ್ಟೆಯಲ್ಲಿ ಕೂತು ಉಣ್ಣುವುದರಿಂದ, ಮುಸಾಫಹ ಮಾಡುವುದರಿಂದ, ಅಪ್ಪಿಕೊಳ್ಳುವುದರಿಂದ ಹೆಪಟೈಟಿಸ್ ಬಿ ಹರಡುವುದಿಲ್ಲ. ಸೋಂಕಿರುವ ಸೊಸೆಯ ಲೋಟ ತಟ್ಟೆ ಬೇರೆ ಇಡುವುದು ಅನ್ಯಾಯ, ಅದರಿಂದ ಪ್ರಯೋಜನವೂ ಇಲ್ಲ. ಮನೆಯ ಉಳಿದವರು ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಂಡರೆ ಸಾಕು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ಸೇವಿಸಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಎರಡೂ ರೋಗಗಳ ಪರೀಕ್ಷೆ ಮತ್ತು ಔಷಧಿ ಉಚಿತ.

ಸಂಬಂಧದೊಳಗಿನ ಮದುವೆ

ವಂಶವಾಹಿ ಎಂದೊಡನೆ ಸೋದರ ಸಂಬಂಧದ ಮದುವೆಯ ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆ, ಹಿಂದೂ ಸೋದರರಲ್ಲಿ ಸೋದರಮಾವನೊಂದಿಗೆ ಮದುವೆಯಾಗುವ ರೂಢಿ ಇದೆ. ಇಂತಹ ಮದುವೆಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಿಲ್ಸನ್ ಕಾಯಿಲೆ, ಟೈರೋಸಿನೀಮಿಯಾದಂತಹ ಕೆಲವು ಅಪರೂಪದ ಲಿವರ್ ರೋಗಗಳು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಗಂಡ ಹೆಂಡತಿ ಒಂದೇ ರಕ್ತ ಸಂಬಂಧದವರಾದರೆ ಆ ಸಾಧ್ಯತೆ ಹೆಚ್ಚು. ಟೈರೋಸಿನೀಮಿಯಾ ಇರುವ ಮಗುವಿಗೆ ಚಿಕಿತ್ಸೆ ಸಿಗದಿದ್ದರೆ ಎಳೆಯ ವಯಸ್ಸಿನಲ್ಲೇ ಲಿವರ್ ಕ್ಯಾನ್ಸರ್ ಬರಬಹುದು. ಕುಟುಂಬದಲ್ಲಿ ಮಕ್ಕಳು ಲಿವರ್ ಕಾಯಿಲೆಯಿಂದ ತೀರಿಕೊಂಡಿದ್ದರೆ ಸಂಬಂಧದೊಳಗೆ ಮದುವೆ ಗೊತ್ತುಮಾಡುವ ಮೊದಲು ತಜ್ಞರ ಸಲಹೆ ಪಡೆಯಿರಿ.

ನಮ್ಮ ಅಡುಗೆ ಮನೆ, ನಮ್ಮ ದಿನಚರಿ

ಹೊಸಕೋಟೆಯ ದಮ್ ಬಿರಿಯಾನಿಗೆ ಬೆಳಗಿನ ಜಾವವೇ ಸಾಲು ನಿಲ್ಲುವವರಿದ್ದಾರೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಮನೆಗಳಲ್ಲಿ ನಿದ್ದೆಗೆಟ್ಟು ದುಡಿಯುವವರು ದಿನಕ್ಕೆ ಆರೇಳು ಲೋಟ ಸಿಹಿ ಚಹಾ ಕುಡಿಯುತ್ತಾರೆ. ಹಬ್ಬಕ್ಕೊಮ್ಮೆ ಬಿರಿಯಾನಿ ತಿಂದರೆ ಲಿವರ್ ಕೆಡುವುದಿಲ್ಲ. ದಿನವೂ ಅಗತ್ಯಕ್ಕಿಂತ ಹೆಚ್ಚು ಅನ್ನ, ಮೈದಾ, ಸಕ್ಕರೆ, ಕರಿದ ತಿಂಡಿ ಸೇರಿ, ಮೈಗೆ ಕೆಲಸವಿಲ್ಲದಿದ್ದರೆ ಕೆಡುತ್ತದೆ. ರಮಝಾನ್‌ನಲ್ಲಿ ಇಡೀ ದಿನ ಉಪವಾಸವಿದ್ದು ಇಫ್ತಾರ್‌ನಲ್ಲಿ ಸಮೋಸಾ, ಶರಬತ್ತುಗಳನ್ನೇ ತುಂಬಿಕೊಂಡರೆ ಲಿವರ್‌ಗೆ ಸಿಕ್ಕ ವಿಶ್ರಾಂತಿ ವ್ಯರ್ಥವಾಗುತ್ತದೆ. ಖರ್ಜೂರ, ನೀರು, ಹಣ್ಣು, ಗಂಜಿಯಿಂದ ಆರಂಭಿಸಿ ನೋಡಿ. ರಾಗಿ ನಮ್ಮ ನೆಲದ ಬೆಳೆ. ಮುದ್ದೆಯಾಗಲಿ ರೊಟ್ಟಿಯಾಗಲಿ, ಸೊಪ್ಪು ಕಾಳಿನ ಜೊತೆ ಮಿತವಾಗಿ ತಿನ್ನಲು ಒಳ್ಳೆಯದು.

ತೂಕ ಹೆಚ್ಚಿರುವವರು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿಕೊಂಡರೆ ಲಿವರ್‌ನ ಕೊಬ್ಬು ಮತ್ತು ಉರಿಯೂತ ಎರಡೂ ಕಡಿಮೆಯಾಗುತ್ತವೆ. ಅಂದರೆ 70 ಕಿಲೋ ಇರುವವರು ಐದರಿಂದ ಏಳು ಕಿಲೋ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳವನ್ನು ತೊಳೆದು ಬಳಸದೆ ಎಸೆಯಿರಿ. ಅದರಲ್ಲಿರುವ ಅಫ್ಲಟಾಕ್ಸಿನ್ ವಿಷ ಅಡುಗೆಯ ಬಿಸಿಗೂ ಪೂರ್ತಿ ನಾಶವಾಗುವುದಿಲ್ಲ. ಕಾಫಿ ಪ್ರಿಯರಿಗೆ ಒಂದು ಸಿಹಿ ಸುದ್ದಿಯೂ ಇದೆ. ಬಾಬಾ ಬುಡನ್‌ರು ಯಮನ್‌ನಿಂದ ಚಿಕ್ಕಮಗಳೂರಿಗೆ ತಂದರೆಂಬ ಪ್ರತೀತಿಯ ಈ ಪಾನೀಯ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ಸಕ್ಕರೆ ಮಾತ್ರ ಕಡಿಮೆಯಿರಲಿ!

ಯಾರು, ಯಾವ ಪರೀಕ್ಷೆ?

ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದ ಮಹಿಳೆಯರು, 90 ಮೀರಿದ ಗಂಡಸರು, ಸಕ್ಕರೆ ಕಾಯಿಲೆ ಅಥವಾ ಪಿಸಿಓಡಿ ಇರುವವರು, ಬೇಗ ಮುಟ್ಟು ನಿಂತವರು, ಮನೆತನದಲ್ಲಿ ಲಿವರ್ ರೋಗ ಇರುವವರು ವೈದ್ಯರಲ್ಲಿ ಲಿವರ್ ಪರೀಕ್ಷೆಯ ಬಗ್ಗೆ ಕೇಳಬೇಕು. ಸಕ್ಕರೆ, ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ ಈ ಸಾಮಾನ್ಯ ರಕ್ತಪರೀಕ್ಷೆಗಳಿಂದಲೇ ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ವೈದ್ಯರು ಅಂದಾಜಿಸಬಲ್ಲರು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನು ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಮಾಡಿಸುವುದು ಒಳ್ಳೆಯದು. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಲೇಬೇಕು. ಹೆಪಟೈಟಿಸ್ ಬಿ ಇರುವವರು ವೈದ್ಯರು ಹೇಳಿದಂತೆ ಮಾಡಿಸಬೇಕು. ಗಡ್ಡೆ ಚಿಕ್ಕದಿದ್ದಾಗ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದಲೋ ಬಿಸಿ ತಾಗಿಸಿ ಸುಡುವ ವಿಧಾನದಿಂದಲೋ ಗುಣಪಡಿಸಲು ಸಾಧ್ಯವಿದೆ.

ಫ್ಯಾಟಿ ಲಿವರನ್ನು ಕೇಂದ್ರ ಸರಕಾರ 2021ರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆದ್ದರಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ತಾಲೂಕು ಆಸ್ಪತ್ರೆಯಿಂದಲೇ ಆರಂಭಿಸಿ. ಕಾಮಾಲೆ ಎಂದು ಬರೆ ಹಾಕಿಸುವುದು, ಗುಟ್ಟಾಗಿ ಕೊಡುವ ಸೊಪ್ಪಿನ ರಸ ಕುಡಿಯುವುದು ಮಾಡಿ ಸಮಯ ಕಳೆಯಬೇಡಿ. ಹಳದಿ ಕಣ್ಣು ರೋಗದ ಹೆಸರಲ್ಲ, ಅದೊಂದು ಸೂಚನೆ. ಅದರ ಹಿಂದೆ ಏನಿದೆ ಎಂದು ಪರೀಕ್ಷೆಯೇ ಹೇಳಬೇಕು.

ಸೋದರಿಯರೇ, ಕುಟುಂಬದ ಯಾರಿಗಾದರೂ ಲಿವರ್ ಕಾಯಿಲೆ ಎಂದು ಕೇಳಿದರೆ "ಕುಡಿಯುತ್ತಿದ್ದರಾ?" ಎಂಬ ಪ್ರಶ್ನೆಯನ್ನು ಇನ್ನಾದರೂ ಕೈಬಿಡೋಣ. ರೋಗಿಗೆ ಬೇಕಾದದ್ದು ಚಿಕಿತ್ಸೆ ಮತ್ತು ಸಾಂತ್ವನ, ವಿಚಾರಣೆ ಅಲ್ಲ. ಗಂಡನ ಬಿಪಿ, ಅತ್ತೆಯ ಸಕ್ಕರೆ, ಮಕ್ಕಳ ಲಸಿಕೆ ಎಲ್ಲದರ ತಾರೀಕನ್ನೂ ನೆನಪಿಟ್ಟುಕೊಳ್ಳುವ ನಾವು ನಮ್ಮದೇ ರಕ್ತ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ ಎಂದು ಈ ವಾರವೇ ಯೋಚಿಸೋಣ. ಕೊನೆಯ ಹೆರಿಗೆಯಲ್ಲಿ ಎಂಬುದು ಉತ್ತರವಾದರೆ, ಆಸ್ಪತ್ರೆಗೆ ಹೋಗುವ ದಿನವನ್ನು ಇಂದೇ ಗೊತ್ತುಮಾಡಿಕೊಳ್ಳಿ.